ಉಸಿರಿಗೆ ತಕ್ಕ ರೆಗ್ಯುಲೇಟರ್

ಕಡಲಾಳದಲ್ಲಿ ಉಸಿರಾಡಲು ಗಾಳಿ ಒದಗಿಸುವ ಸ್ಕೂಬಾ ರೆಗ್ಯುಲೇಟರಿನ ಬೇರು ಗಣಿಯಲ್ಲಿದೆ. ಉಸಿರೆಳೆದಾಗಷ್ಟೇ ಗಾಳಿ ಬಿಡುವ ಸಾಧನವನ್ನು ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರೂಕೆರೋಲ್ 1860ರ ಹೊತ್ತಿಗೆ ರೂಪಿಸಿದ್ದು ಗಣಿ ಕಾರ್ಮಿಕರ ರಕ್ಷಣೆಗೆಂದು. 1864ರಲ್ಲಿ ನೌಕಾಪಡೆಯ ಅಧಿಕಾರಿ ಒಗಸ್ಟ್ ಡೆನೆರೂಜ್ ಜೊತೆಗೂಡಿ ಅದನ್ನು ನೀರಿಗೆ ಒಗ್ಗಿಸಿದರು. 1943ರಲ್ಲಿ ಫ್ರಾನ್ಸಿನವರೇ ಆದ ನೌಕಾ ಅಧಿಕಾರಿ ಕೂಸ್ಟೊ ಮತ್ತು ಎಂಜಿನಿಯರ್ ಗಾನ್ಯಾನ್ ಇಂದಿನ ಸ್ಕೂಬಾ ರೆಗ್ಯುಲೇಟರಿಗೆ ದಾರಿ ಮಾಡಿದರು. ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನವರಿಗೆ ಆಳದಲ್ಲಿ ಗಾಳಿಯ ಬೆಲೆ ಏನೆಂದು ಹೇಳಬೇಕಿಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿಯಲು ಹೊರಟ ಸಿಂಧನೂರು, ಮಸ್ಕಿಯ ಯುವಜನರೂ ಇದನ್ನು ಅರಿತಿರಬೇಕು.

ತುಂಬಿದ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್. ರೆಗ್ಯುಲೇಟರಿನ ಮೊದಲ ಹಂತ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್‌ನಷ್ಟೇ ಹೆಚ್ಚಿರುವಂತೆ ತಗ್ಗಿಸುತ್ತದೆ. ಬಾಯಲ್ಲಿರುವ ಎರಡನೆಯ ಹಂತ, ಉಸಿರೆಳೆದಾಗ ನೀರಿನ ಒತ್ತಡಕ್ಕೇ ಸಮನಾದ ಗಾಳಿ ಕೊಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಪಕಾಲುವೆಗೆ ಇಳಿದು, ರೈತ ತೂಬು ತೆರೆದಾಗ ಗದ್ದೆಗೆ ಹರಿಯುವ ಕ್ರಮವೇ ಇದು.

ನೀರಿನಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಒಂದು ಬಾರ್ ಏರುತ್ತದೆ. ಮೇಲಿನ ವಾತಾವರಣದ ಒಂದು ಬಾರ್ ಸೇರಿ 20 ಮೀಟರ್ ಆಳದಲ್ಲಿ ಗಾಳಿ ಮೂರು ಪಟ್ಟು ಸಾಂದ್ರ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಲ್ಲಿ 60 ಲೀಟರಿನಷ್ಟು ಗಾಳಿ ಖರ್ಚು ಮಾಡುತ್ತಾರೆ. 12 ಲೀಟರ್ ಸಿಲಿಂಡರಿನಲ್ಲಿ 50 ಬಾರ್ ಮೀಸಲಿಟ್ಟರೆ ಉಳಿಯುವುದು ಅರ್ಧ ಗಂಟೆಯ ಗಾಳಿ. ದಟ್ಟ ಗಾಳಿಯನ್ನು ಎಳೆಯಲು ಶ್ರಮವೂ ಹೆಚ್ಚು. ರೆಗ್ಯುಲೇಟರ್ ಬಿಗಿಯಾಗಿದ್ದರೆ ಎದೆ ದಣಿಯುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಗಾಬರಿ ಹುಟ್ಟುತ್ತದೆ, ಉಸಿರು ಇನ್ನಷ್ಟು ವೇಗವಾಗುತ್ತದೆ.

ಹಾಗಾಗಿ ಆಯ್ಕೆಗೆ ಅಳತೆಗೋಲು ನಿಮ್ಮ ಅತಿ ಕಷ್ಟದ ಉಸಿರೇ ಆಗಿರಲಿ. ಬ್ಯಾಲೆನ್ಸ್ಡ್ ಮಾದರಿಯಲ್ಲಿ ಸಿಲಿಂಡರ್ ಬರಿದಾಗುತ್ತ ಬಂದರೂ ಉಸಿರು ಭಾರವಾಗದು. ಅಗ್ಗದ ಅನ್‌ಬ್ಯಾಲೆನ್ಸ್ಡ್ ಮಾದರಿಯಲ್ಲಿ ಆ ಭರವಸೆ ಇಲ್ಲ. ಯುರೋಪಿನ ಗುಣಮಟ್ಟ ಸೂಚಿಸುವ ಇಎನ್ 250 ಗುರುತು ನೋಡಿ. 50 ಮೀಟರ್ ಆಳದ ಒತ್ತಡದಲ್ಲಿ ನಿಮಿಷಕ್ಕೆ 62.5 ಲೀಟರ್ ಉಸಿರಾಟಕ್ಕೆ, ಲೀಟರಿಗೆ 3 ಜೂಲ್ ಮೀರದ ಶ್ರಮ ಅದರ ಮಾನದಂಡ. ರಾಡಿ ನೀರಿನ ಕಾಲುವೆ, ಕೆರೆಗಳಲ್ಲಿ ಶೋಧಕ್ಕೆ ಇಳಿಯುವವರಿಗೆ ನೀರು ಒಳನುಗ್ಗದಂತೆ ಮುಚ್ಚಿದ ಡಯಾಫ್ರಾಮ್ ಮಾದರಿಯ ಮೊದಲ ಹಂತ ಲೇಸು. ಮರಳು, ಹೂಳು ಅದರ ಒಳಯಂತ್ರವನ್ನು ಮುಟ್ಟುವುದಿಲ್ಲ. ಎಳೆತದ ಬಿಗುವನ್ನು ಹೊಂದಿಸುವ ಗುಬುಟು ಇದ್ದರೆ ಅನುಕೂಲ. ದವಡೆ ಚಿಕ್ಕದಿದ್ದವರು ಹಗುರ ಎರಡನೆಯ ಹಂತವನ್ನೂ ಚಿಕ್ಕ ಮೌತ್‌ಪೀಸನ್ನೂ ಆರಿಸಬೇಕು.

ಕೊಳ್ಳುವ ಮುನ್ನ ತರಬೇತುದಾರರ ಎದುರು ಈಜುಕೊಳದಲ್ಲಿ ಬಳಸಿ ನೋಡಿ. ನೆಟ್ಟಗೆ, ಅಂಗಾತ, ತಲೆಕೆಳಗಾಗಿ ಉಸಿರಾಡಿ. ದಮ್ಮು, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು, ಏಕೆಂದರೆ ಶ್ವಾಸಕೋಶದ ಕೊರತೆಯನ್ನು ಯಾವ ಯಂತ್ರವೂ ತುಂಬದು. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ತಯಾರಕರು ಹೇಳಿದ ಅವಧಿಗೆ ಸರ್ವಿಸ್ ಮಾಡಿಸಿ. ಇಷ್ಟು ಮಾಡಿದರೂ ಒಂದು ನಿಯಮ ನಿಮ್ಮದೇ ಹೊಣೆ: ನೀರಿನೊಳಗೆ ಎಂದೂ ಉಸಿರು ಬಿಗಿಹಿಡಿಯಬೇಡಿ. ಮೇಲೇರುವಾಗ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು.