ರಾಗಿ ನಾಡಿನಲ್ಲಿ ಗೋಧಿ ಇಲ್ಲದ ಬಿಸ್ಕತ್ತು

'ರಾಗಿ ಬಿಸ್ಕತ್ತು' ಅಂತ ದೊಡ್ಡದಾಗಿ ಬರೆದಿರೋ ಪ್ಯಾಕೆಟ್ ಎಲ್ಲಾದರೂ ಸಿಕ್ಕರೆ ಹಿಂದೆ ತಿರುಗಿಸಿ ನೋಡಿ. ನಮ್ಮ ದೇಶದ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು. ಯಾವುದು ಜಾಸ್ತಿ ಇದೆಯೋ ಅದು ಮೊದಲು. ಬಹಳಷ್ಟು ಪ್ಯಾಕೆಟ್‌ಗಳಲ್ಲಿ ಮೊದಲು ಬರೋದು ಮೈದಾ ಅಥವಾ ಗೋಧಿ ಹಿಟ್ಟು. ಆಮೇಲೆ ಸಕ್ಕರೆ, ಎಣ್ಣೆ. ರಾಗಿ ಎಲ್ಲೋ ಕೆಳಗೆ, ಪಕ್ಕದಲ್ಲಿ ಒಂದು ಶೇಕಡಾ ಅಂಕಿ. ಬಹುಪಾಲು ಜನಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ನಮಗೆ ಇದೆ. ನಮ್ಮ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯ ಅವಳಿಗೆ ಆಗಲ್ಲ.

ನಾವಿಬ್ಬರೂ ಇದೇ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡೋರು, ಊರು ಕನಕಪುರ ತಾಲ್ಲೂಕಿನ ಕಬ್ಬಾಳು. ಗೋಧಿ ಇಲ್ಲದ ಕೇಕನ್ನು ಸ್ಟಾಫ್ ರೂಮಿಗೆ ತಂದಾಗಲೆಲ್ಲ 'ಇದು ಹೆಂಗೆ ಉಬ್ಬಿತು?' ಅಂತ ಯಾರಾದರೂ ಕೇಳ್ತಾರೆ. ಕನ್ನಡ ಸಂಘದ ಹುಡುಗರು ಅದನ್ನೇ ಬರೆದುಕೊಡಿ ಅಂದರು.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಸಣ್ಣ ಸಣ್ಣ ಚಾಚುಗಳಿರುತ್ತವೆ. ಹೀಟ್ ಎಕ್ಸ್‌ಚೇಂಜರ್‌ಗೆ ಫಿನ್ ಹಾಕೋದು ಯಾಕೆ ಅಂತ ಮೆಕ್ಯಾನಿಕಲ್‌ನವರಿಗೆ ಗೊತ್ತು, ಮೇಲ್ಮೈ ಹೆಚ್ಚಿಸೋಕೆ. ಇವೂ ಅದಕ್ಕೇ, ಆಹಾರ ಹೀರೋಕೆ. ಸೀಲಿಯಾಕ್ ಇರುವವರು ಗ್ಲುಟನ್ ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಕರುಳಿನ ಮೇಲೇ ತಿರುಗಿ ಬಿದ್ದು ಆ ಫಿನ್‌ಗಳನ್ನು ಸವೆಸಿ ಚಪ್ಪಟೆ ಮಾಡುತ್ತೆ. ಮಗು ತಿಂದರೂ ಮೈಗೆ ಹತ್ತಲ್ಲ. ರಕ್ತಹೀನತೆ, ಬೆಳವಣಿಗೆ ಕುಂಠಿತ, ಹೊಟ್ಟೆ ಉಬ್ಬರ, ಮೂಳೆ ದುರ್ಬಲ. ಇದಕ್ಕೆ ಇವತ್ತಿಗೂ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟನ್ ಬಿಡೋದು. ಅದನ್ನು ಗುರುತಿಸಿದ್ದು ನೆದರ್‌ಲ್ಯಾಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡಿಗೇ ಬರ. ಊರಿಗೆಲ್ಲ ಹಸಿವು, ಆದರೆ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು. ಬ್ರೆಡ್ ವಾಪಸ್ ಬಂದಾಗ ಕಾಯಿಲೆಯೂ ವಾಪಸ್. ಗೋಧಿ ಮೇಲೆ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು.

'ಇದೆಲ್ಲ ಫಾರಿನ್ ಕಾಯಿಲೆ ಕಣಮ್ಮ' ಅಂತ ಊರಲ್ಲಿ ಹೇಳೋರಿದ್ದಾರೆ. 2016ರಲ್ಲಿ ಪ್ರಕಟವಾದ, ಡಾ. ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರ ಅಧ್ಯಯನ ಒಂದಿದೆ. ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ನೋಡಿದ ಅಧ್ಯಯನ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಸೀಲಿಯಾಕ್, ದಕ್ಷಿಣದಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ. ಮಜಾ ಏನಂದ್ರೆ, ಈ ಕಾಯಿಲೆಗೆ ಬೇಕಾದ ಜೀನ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿದೆ, ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ದೊಡ್ಡ ವ್ಯತ್ಯಾಸ ಕಂಡಿದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಅಂದರೆ ಮುದ್ದೆ-ಅನ್ನ ನಮ್ಮನ್ನು ಇಷ್ಟು ದಿನ ಕಾಯ್ದಿರಬಹುದು. ಈಗ ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ ಚಪಾತಿ, ಸಂಜೆ ಪಫ್ಸು. ಮುಂದಿನ ಲೆಕ್ಕ ಬೇರೆ ಆದರೆ ನಮಗೇನೂ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ನಿಮಗೂ ಅನುಮಾನ ಬಂದರೆ ಗೋಧಿ ಬಿಟ್ಟುಬಿಡಬೇಡಿ. ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು, ಬೇಕಾದರೆ ಎಂಡೋಸ್ಕೋಪಿ. ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಇನ್ನು ಗ್ಲುಟನ್ ಬಿಟ್ಟರೆ ತೆಳ್ಳಗಾಗ್ತೀವಿ ಅಂತ ಜಿಮ್ಮಿನಲ್ಲಿ ಯಾರೋ ಹೇಳಿದ್ದಕ್ಕೆ ಬಿಡೋರ ಜೊತೆ ನಮ್ಮ ಜಗಳ ಇಲ್ಲ. ಅವರಿಂದಾಗಿ ಅಂಗಡಿಗಳಿಗೆ ಒಂದಷ್ಟು ಪ್ಯಾಕೆಟ್ ಬಂದಿವೆ, ಅಷ್ಟರಮಟ್ಟಿಗೆ ಉಪಕಾರ.

ಈಗ ಅಸಲು ಪ್ರಶ್ನೆ: ಗ್ಲುಟನ್ ಹಿಟ್ಟಿನಲ್ಲಿ ಮಾಡೋದೇನು? ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಅಂತ ಎರಡು ಪ್ರೋಟೀನ್ ಗುಂಪುಗಳಿವೆ. ನೀರು ಹಾಕಿ ನಾದಿದರೆ ಎರಡೂ ಸೇರಿ ಬಲೆಯಾಗುತ್ತವೆ. ಮೊದಲನೆಯದು ಎಳೆದರೆ ವಾಪಸ್ ಬರೋ ಗುಣ ಕೊಡುತ್ತೆ, ಎರಡನೆಯದು ಹರಿಯೋ ಗುಣ. ಸ್ಪ್ರಿಂಗು ಮತ್ತು ಡ್ಯಾಶ್‌ಪಾಟ್ ಜೋಡಿಸಿದ ಮಾದರಿ ನೆನಪಿಸಿಕೊಳ್ಳಿ, ಚಪಾತಿ ಹಿಟ್ಟು ಹೆಚ್ಚುಕಮ್ಮಿ ಅದೇ. ಯೀಸ್ಟು ಬಿಡೋ ಗಾಳಿ ಆ ಬಲೆಯೊಳಗೆ ಸಿಕ್ಕಿಕೊಂಡು ಬ್ರೆಡ್ ಉಬ್ಬುತ್ತೆ. ರಾಗಿಯಲ್ಲಿ ಆ ಬಲೆ ಇಲ್ಲ. ತಣ್ಣೀರಲ್ಲಿ ರಾಗಿ ಹಿಟ್ಟು ಕಲಸಿ ಎಳೆದು ನೋಡಿ, ಮರಳಿನ ಥರ ಬಿರಿಯುತ್ತೆ.

ಹಾಗಾದರೆ ಮುದ್ದೆ ಹೇಗೆ ಗುಂಡಗೆ ನಿಲ್ಲುತ್ತೆ? ಅಲ್ಲಿ ಕೆಲಸ ಮಾಡೋದು ಪ್ರೋಟೀನ್ ಅಲ್ಲ, ಪಿಷ್ಟ. ಕುದಿಯೋ ನೀರಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಊದಿ ಅಂಟಾಗುತ್ತವೆ. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಬಿಸಿನೀರಲ್ಲಿ ಉಕ್ಕರಿಸೋದೂ ಇದೇ ಕಾರಣಕ್ಕೆ, ಇಲ್ಲದಿದ್ದರೆ ತಟ್ಟುವಾಗ ಅಂಚು ಒಡೆಯುತ್ತೆ. ಜಪಾನಿನವರು ಬ್ರೆಡ್ಡಿಗೆ ಒಂದಿಷ್ಟು ಹಿಟ್ಟನ್ನು ಬಿಸಿನೀರಲ್ಲಿ ಬೇಯಿಸಿ ಸೇರಿಸೋ ವಿಧಾನಕ್ಕೆ ಯುದಾನೆ ಅಂತ ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಿಯಂದಿರು ಹೆಸರಿಡೋಕೆ ಹೋಗಲಿಲ್ಲ.

ಇನ್ನೊಂದು ಉದಾಹರಣೆ ಇಡ್ಲಿ. ಅದರಲ್ಲೂ ಗ್ಲುಟನ್ ಇಲ್ಲ, ಆದರೂ ಹೂವಿನ ಹಾಗೆ ಉಬ್ಬುತ್ತೆ. ಉದ್ದಿನಬೇಳೆಯ ಪ್ರೋಟೀನು ಗುಳ್ಳೆಗಳನ್ನು ಹಿಡಿಯುತ್ತೆ, ಅದರಲ್ಲಿರೋ ಲೋಳೆ ಹಿಟ್ಟನ್ನು ದಪ್ಪ ಮಾಡಿ ಗುಳ್ಳೆ ಒಡೆಯದ ಹಾಗೆ ಕಾಯುತ್ತೆ. ಒಟ್ಟಿನಲ್ಲಿ ಬಲೆಗೆ ಬದಲಿ ನಮ್ಮ ಅಡುಗೆಮನೆಯಲ್ಲೇ ಮೂರಿವೆ: ಬೆಂದ ಪಿಷ್ಟ, ಉದ್ದು, ಮೊಟ್ಟೆ. ಅಂಗಡಿಯಿಂದ ತರೋದು ಒಂದೇ, ಇಸಬ್ಗೋಲ್. ಹೌದು, ಮಲಬದ್ಧತೆಗೆ ಕುಡೀತಾರಲ್ಲ, ಅದೇ. ನೀರಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟರೆ ಜೆಲ್ ಆಗುತ್ತೆ, ಹಿಟ್ಟಿಗೆ ಹಿಡಿತ ಕೊಡುತ್ತೆ. ಪ್ಯಾಕೆಟ್ ತಿಂಡಿಗಳಲ್ಲಿ ಇದರ ಜಾಗಕ್ಕೆ ಬರೋದು ಸಾಮಾನ್ಯವಾಗಿ ಜಾಂಥನ್ ಗಮ್, ಬ್ಯಾಕ್ಟೀರಿಯಾದಿಂದ ತಯಾರಾಗೋ ಅಂಟು. ಹೆಸರು ನೋಡಿ ಹೆದರಬೇಕಿಲ್ಲ.

ಶುರುಮಾಡೋರು ಬಿಸ್ಕತ್ತಿನಿಂದಲೇ ಶುರುಮಾಡಿ. ಬಿಸ್ಕತ್ತಿಗೆ ಬಲೆ ಬೇಕಾಗೇ ಇಲ್ಲ. ಗೋಧಿ ಬಿಸ್ಕತ್ತು ಮಾಡುವಾಗ ಕೂಡ ಜಾಸ್ತಿ ನಾದಬೇಡಿ, ಗಟ್ಟಿಯಾಗುತ್ತೆ ಅಂತಾರೆ. ರಾಗಿಗೆ ಆ ಚಿಂತೆಯೇ ಇಲ್ಲ. ನಮ್ಮ ಅಳತೆ: ಘಮ್ ಅನ್ನೋವರೆಗೆ ಹುರಿದ ರಾಗಿ ಹಿಟ್ಟು 150 ಗ್ರಾಂ, ಅಕ್ಕಿ ಹಿಟ್ಟು 50, ತುಪ್ಪ 100, ಬೆಲ್ಲದ ಪುಡಿ 80, ಏಲಕ್ಕಿ, ಚಿಟಿಕೆ ಉಪ್ಪು, ಕೂಡೋಕೆ ಎರಡು-ಮೂರು ಚಮಚ ಹಾಲು. ಕಲಸಿ ಅರ್ಧ ಗಂಟೆ ಫ್ರಿಜ್ಜಲ್ಲಿ ಇಡಲೇಬೇಕು. ರಾಗಿಯ ಸಿಪ್ಪೆ ನೀರು ಹೀರೋಕೆ ಟೈಮ್ ತಗೊಳುತ್ತೆ, ಇಲ್ಲದಿದ್ದರೆ ಬಾಯಲ್ಲಿ ಮರಳು ಮರಳು. ಆಮೇಲೆ 160 ಡಿಗ್ರಿಯಲ್ಲಿ 18-20 ನಿಮಿಷ. ಬಿಸಿ ಇದ್ದಾಗ ಮುಟ್ಟಿದರೆ ಪುಡಿಯಾಗುತ್ತೆ, ಪೂರ್ತಿ ಆರಲಿ.

ಕೇಕಿಗೆ ಸ್ವಲ್ಪ ಹಿಡಿತ ಬೇಕು, ಅದನ್ನು ಮೊಟ್ಟೆಯ ನೊರೆ ಕೊಡುತ್ತೆ. ಮೂರು ಮೊಟ್ಟೆಗೆ 150 ಗ್ರಾಂ ರಾಗಿ-ಅಕ್ಕಿ ಹಿಟ್ಟು, ಮೊಸರು, ಎಣ್ಣೆ, ಒಂದು ಚಮಚ ಇಸಬ್ಗೋಲ್ ಇದ್ದರೆ ಸಾಕು. ಕಬ್ಬಾಳಿನ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು, ವಿಷಲ್ಲು ಎರಡನ್ನೂ ತೆಗೆದು, ತಳಕ್ಕೆ ಪುಡಿ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ ಮಾಡ್ತೀವಿ. ಶುಕ್ರವಾರ, ಹಬ್ಬ ಅಂತ ಮೊಟ್ಟೆ ಬೇಡ ಅಂದ ದಿನ ಉದ್ದಿನಬೇಳೆ ನೆನೆಸಿ, ವಡೆಗೆ ರುಬ್ಬಿದ ಹಾಗೆ ಹಗುರಾಗೋವರೆಗೆ ರುಬ್ಬಿ ಹಾಕ್ತೀವಿ. ಅತ್ತೆ ಅದಕ್ಕೆ 'ಸಿಹಿ ಇಡ್ಲಿ' ಅಂತ ಹೆಸರಿಟ್ಟಿದ್ದಾರೆ. ತಪ್ಪಿಲ್ಲ, ಹಾಗೇ ಇರುತ್ತೆ. ಆದರೆ ಪಾತ್ರೆ ಖಾಲಿಯಾಗುತ್ತೆ.

ಬ್ರೆಡ್ ಮಾತ್ರ ಕಷ್ಟದ ಸಬ್ಜೆಕ್ಟು. 300 ಗ್ರಾಂ ಹಿಟ್ಟಿಗೆ ಸುಮಾರು 15 ಗ್ರಾಂ ಇಸಬ್ಗೋಲ್, ಹಿಟ್ಟಿನಷ್ಟೇ ತೂಕದ ನೀರು. ನಾದೋಕಾಗಲ್ಲ, ಅಚ್ಚಿಗೆ ಸುರೀಬೇಕು. ಮಾಡಿದ ದಿನ ಚೆನ್ನಾಗಿರುತ್ತೆ, ಮಾರನೇ ದಿನಕ್ಕೆ ಪಿಷ್ಟ ಬಿರುಸಾಗಿ ಇಟ್ಟಿಗೆ. ಟೋಸ್ಟ್ ಮಾಡಿದರೆ ಮತ್ತೆ ಜೀವ ಬರುತ್ತೆ.

ಇಷ್ಟೆಲ್ಲ ಮಾಡೋಕೆ ಮೊದಲು ಶುದ್ಧ ರಾಗಿ ಹಿಟ್ಟು ಬೇಕಲ್ಲ? ಇದು ಸುಲಭ ಅಂದ್ಕೋತಾರೆ. ಹೊಲದ ರಾಗಿ, ಊರಿನ ಮಿಲ್ಲು, ಇನ್ನೇನು? ಒಂದು ಲೆಕ್ಕ ಹಾಕಿ. ಎಫ್‌ಎಸ್‌ಎಸ್‌ಎಐ ಪ್ರಕಾರ 'ಗ್ಲುಟನ್ ಫ್ರೀ' ಅನ್ನಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 8 ಗ್ರಾಂ ಗ್ಲುಟನ್ ಅಂತ ಇಟ್ಟುಕೊಳ್ಳಿ. ಹಾಗಾದರೆ ಒಂದು ಕಿಲೋ ರಾಗಿ ಹಿಟ್ಟು ಕೆಡೋಕೆ ಕಾಲು ಗ್ರಾಂ ಗೋಧಿ ಹಿಟ್ಟು ಸಾಕು. ಹತ್ತು ಕಿಲೋಗೆ ಒಂದು ಟೀ ಚಮಚ! ಮಿಲ್ಲಿನಲ್ಲಿ ನಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿದ್ದರೆ ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಕೊಳವೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಉಳಿದಿರುತ್ತೆ. ಮಿಲ್ಲಿನವರದು ಇದರಲ್ಲಿ ಏನೂ ತಪ್ಪಿಲ್ಲ, ಅವರ ಕೆಲಸವೇ ಎಲ್ಲರ ಕಾಳು ಬೀಸೋದು. ಹಾಗಾಗಿ ಕ್ವಾರ್ಟರ್ಸಿಗೆ ಒಂದು ಸಣ್ಣ ಹಿಟ್ಟಿನ ಯಂತ್ರ ತಂದ್ವಿ, ಅದಕ್ಕೆ ಗೋಧಿ ತೋರಿಸೋ ಹಾಗಿಲ್ಲ. ಊರಲ್ಲಿ ಅತ್ತೆ ಅಟ್ಟದ ಮೇಲಿದ್ದ ಬೀಸೋಕಲ್ಲು ಇಳಿಸಿದರು. ಒಂದು ವಾರಕ್ಕೆ ಬೇಕಾದಷ್ಟು ಅದರಲ್ಲೇ ಆಗುತ್ತೆ.

ಇದೇ ಲೆಕ್ಕ ಕೆಲವು ಸಲ ಸಮಾಧಾನವನ್ನೂ ಕೊಡುತ್ತೆ. ದಿನಕ್ಕೆ 10 ಮಿಲಿಗ್ರಾಂ ಒಳಗೆ ಗ್ಲುಟನ್ ಇದ್ದರೆ ಹೆಚ್ಚಿನವರಿಗೆ ತೊಂದರೆಯಾಗಲ್ಲ ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಮಾತು. ಇಂಗನ್ನೇ ತಗೊಳ್ಳಿ. ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ, ಘಾಟು ಕಡಿಮೆ ಮಾಡೋಕೆ ಅಂಟು ಮತ್ತು ಹಿಟ್ಟು ಬೆರೆಸಿರ್ತಾರೆ, ಎಷ್ಟೋ ಡಬ್ಬಿಗಳಲ್ಲಿ ಅದು ಗೋಧಿ ಹಿಟ್ಟು. ಒಂದು ಚಿಟಿಕೆ ಇಡೀ ಪಾತ್ರೆ ಸಾರಿಗೆ ಬಿದ್ದರೆ ಮಗಳ ಬಟ್ಟಲಿಗೆ ಬರೋದು ಎಳ್ಳಷ್ಟು. ಆದರೂ ಸಾರು ದಿನಾ ಇರುತ್ತಲ್ಲ, ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತೆ, ಅದನ್ನೇ ತರ್ತೀವಿ. ಬಿಸ್ಕತ್ತಿನ ವಿಷಯದಲ್ಲಿ ಈ ಸಡಿಲ ಇಲ್ಲ. ಒಂದು ಮೈದಾ ಬಿಸ್ಕತ್ತಲ್ಲಿ ನೂರಾರು ಮಿಲಿಗ್ರಾಂ ಗ್ಲುಟನ್.

ಪ್ಯಾಕೆಟ್ ಓದುವಾಗ ಮೈದಾ, ರವೆ, ಸೂಜಿ, ವರ್ಮಿಸೆಲಿ ಇವೆಲ್ಲ ಗೋಧಿಯೇ. 'ಮಾಲ್ಟ್' ಅಂದರೆ ಸಾಮಾನ್ಯವಾಗಿ ಬಾರ್ಲಿ. ಹಾಲಿಗೆ ಹಾಕೋ ಪುಡಿಗಳಲ್ಲಿ, ಕಾರ್ನ್ ಫ್ಲೇಕ್ಸಿನಲ್ಲಿ ಅದು ಅಡಗಿರುತ್ತೆ. ಗೋಧಿ ಇಲ್ಲ ಅಂದ ಮಾತ್ರಕ್ಕೆ ಗ್ಲುಟನ್ ಇಲ್ಲ ಅಂತಲ್ಲ. ರಾಗಿ ಶಾವಿಗೆಯಲ್ಲೂ ಗೋಧಿ ಬೆರೆತಿರಬಹುದು. ಸೋಯಾ ಸಾಸಿನಲ್ಲಿ ಗೋಧಿ ಇರುತ್ತೆ, ಹಾಗಾಗಿ ಗೋಬಿ ಮಂಚೂರಿಗೆ ಮೈದಾ ಬದಲು ಕಾರ್ನ್‌ಫ್ಲೋರ್ ಹಾಕಿದರೂ ಉಪಯೋಗವಿಲ್ಲ. ಕ್ಷಮಿಸಿ, ಕ್ಯಾಂಟೀನ್ ಪ್ರಿಯರೇ.

'ಗ್ಲುಟನ್ ಫ್ರೀ' ಅಂತಲೇ ಮಾರೋ ಬಿಸ್ಕತ್ತು, ಕೇಕು ಈಗ ಬೆಂಗಳೂರಿನಲ್ಲಿ ಸಿಗುತ್ತವೆ. ಬೆಲೆ ಮಾಮೂಲಿ ಬಿಸ್ಕತ್ತಿನ ಹಲವು ಪಟ್ಟು. ಕೆಲವು ಬರೀ ಪಿಷ್ಟ, ಸಕ್ಕರೆ, ಕೊಬ್ಬು, ಆರೋಗ್ಯದ ತಿಂಡಿ ಅಂತೇನೂ ಅಲ್ಲ. ಆ ಲೆಕ್ಕದಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರೋ ರಾಗಿಯೇ ಮೇಲು. ಆದರೂ ನಾವು ತಿಂಗಳಿಗೆ ಎರಡು ಪ್ಯಾಕೆಟ್ ತರ್ತೀವಿ, ಖುಷಿಯಿಂದ. ಯಾಕಂದ್ರೆ ಮಗುವಿಗೆ ಬೇಕಾಗಿರೋದು ಕ್ಯಾಲ್ಸಿಯಂ ಒಂದೇ ಅಲ್ಲ. ಬಸ್ಸಿನಲ್ಲಿ ಪಕ್ಕದ ಮಗು ಚರ್ರ್ ಅಂತ ಪ್ಯಾಕೆಟ್ ಹರಿದಾಗ ತಾನೂ ಒಂದು ಹರೀಬೇಕು ಅನ್ಸುತ್ತೆ. ಅಮ್ಮ ಮಾಡಿಕೊಟ್ಟ ಡಬ್ಬಿಯಲ್ಲಿ ಆ ಸದ್ದು ಬರಲ್ಲ.

ಊರ ಕಡೆ ಹೋದಾಗ ಆಯ್ಕೆ ಇನ್ನೂ ಸುಲಭ. ಕಬ್ಬಾಳಮ್ಮನ ದರ್ಶನ ಮುಗಿಸಿ ಬಂದರೆ ಕಡ್ಲೆಪುರಿ, ಬತ್ತಾಸು ಇವೆ. ಕಡ್ಲೆ ಮಿಠಾಯಿ, ಕೊಬ್ಬರಿ ಮಿಠಾಯಿ, ಅಕ್ಕಿಯ ಕಜ್ಜಾಯ, ಅಕ್ಕಿ ತಂಬಿಟ್ಟು ಎಲ್ಲ ನಡೆಯುತ್ತೆ. ಸಜ್ಜಿಗೆ, ಒಬ್ಬಟ್ಟು ಇಲ್ಲ. ನಿಪ್ಪಟ್ಟು, ಕೋಡುಬಳೆಗೆ ಕೆಲವರು ಮೈದಾ, ರವೆ ಹಾಕ್ತಾರೆ, ಕೇಳಬೇಕು. ಪೂರಿ ಕರಿದ ಎಣ್ಣೆಯಲ್ಲೇ ಕರಿದರಾ ಅಂತಲೂ ಕೇಳಬೇಕು. ಪ್ರಸಾದ ಬೇಡ ಅನ್ನೋದಕ್ಕೆ ಮೊದಮೊದಲು ಅತ್ತೆಗೆ ಬಹಳ ಕಷ್ಟವಾಯಿತು. ಈಗ ಅವರೇ ತೀರ್ಥ, ಹೂವು, ಬಾಳೆಹಣ್ಣು ತಗೊಂಡು ಮೊಮ್ಮಗಳ ಕೈಗೆ ಕೊಟ್ಟು, ಸಜ್ಜಿಗೆ ದೊನ್ನೆಯನ್ನ ತಾವು ಖಾಲಿ ಮಾಡ್ತಾರೆ.

ನಿಮ್ಮ ಹಾಸ್ಟೆಲ್ಲಿನಲ್ಲೋ ಕ್ಲಾಸಿನಲ್ಲೋ ಹೀಗೆ ಒಬ್ಬರು ಇದ್ದರೆ, ಡಿಪಾರ್ಟ್‌ಮೆಂಟಿನ ಬರ್ತ್‌ಡೇಗೆ ಅವರಿಗಂತ ಬೇರೆ ಕೇಕ್ ತರೋದು ಒಳ್ಳೇದು. ಆದರೆ ಅದನ್ನು ಮೊದಲು ಕತ್ತರಿಸಿ, ಬೇರೆ ಚಾಕುವಿನಲ್ಲಿ, ಬೇರೆ ತಟ್ಟೆಗೆ. ಮೈದಾ ಕೇಕ್ ಕತ್ತರಿಸಿದ ಚಾಕುವಿಗೆ ಅಂಟಿರೋ ಚೂರೇ ಆ ದಿನದ ಲೆಕ್ಕ ಮೀರಿಸುತ್ತೆ. ಮುಖಕ್ಕೆ ಕೇಕ್ ಮೆತ್ತೋ ಪದ್ಧತಿಯಂತೂ ಅವರ ಹತ್ತಿರ ಬೇಡವೇ ಬೇಡ. ಮೇಲೆ ಕೊಟ್ಟ ಅಳತೆಯಲ್ಲಿ ಯಾರಾದರೂ ಬಿಸ್ಕತ್ತು ಮಾಡಿದರೆ ನಮ್ಮ ಲ್ಯಾಬಿಗೆ ಎರಡು ತಂದುಕೊಡಿ, ಹಿಟ್ಟು ಎಲ್ಲಿ ಬೀಸಿಸಿದ್ದು ಅಂತ ಮಾತ್ರ ಕೇಳ್ತೀವಿ.