ಕಾಡಂಚಿನ ಟವರ್‌ಗೆ ದುಡ್ಡು ಯಾರದು?

ಪ್ರಶ್ನೆ: ಇಪ್ಪತ್ತು ಮನೆಗಳ ಹಳ್ಳಿಯಲ್ಲಿ ಮೊಬೈಲ್ ಟವರ್ ನಿಲ್ಲಿಸಿದರೆ ಕಂಪನಿಗೆ ಗಿಟ್ಟುವುದಿಲ್ಲ. ಹಾಗಾದರೆ ಖರ್ಚು ಭರಿಸುವವರು ಯಾರು?

ಉತ್ತರ: ಒಂದು ಲೆಕ್ಕದಲ್ಲಿ ನೀವೇ! ನೀವು ರೀಚಾರ್ಜ್ ಮಾಡಿಸಿದಾಗ ಕಂಪನಿಗೆ ಆದಾಯ ಬರುತ್ತದಲ್ಲ, ಅದರಲ್ಲಿ ಲೆಕ್ಕಕ್ಕೆ ಬರುವ ಪ್ರತಿ ನೂರು ರೂಪಾಯಿಗೆ 8 ರೂಪಾಯಿ ಪರವಾನಗಿ ಶುಲ್ಕವಾಗಿ ಸರ್ಕಾರಕ್ಕೆ ಸಲ್ಲುತ್ತದೆ. ಆ ಎಂಟರಲ್ಲಿ 5 ರೂಪಾಯಿ ಲಾಭ ಗಿಟ್ಟದ ಊರುಗಳಿಗೆಂದೇ ಇರುವ ನಿಧಿಗೆ ಮೀಸಲು. 2002ರಲ್ಲಿ ಶುರುವಾದ ಈ ನಿಧಿಗೆ ಮರುವರ್ಷ ಶಾಸನದ ಬಲ ಬಂತು. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆ ‘ಡಿಜಿಟಲ್ ಭಾರತ್ ನಿಧಿ’ ಎಂಬ ಹೊಸ ಹೆಸರಿಟ್ಟಿತು. ಹಣ ನೇರವಾಗಿ ನಿಧಿಗೆ ಹೋಗದು. ಮೊದಲು ಸರ್ಕಾರದ ಸಂಚಿತ ನಿಧಿ ಸೇರಿ, ಸಂಸತ್ತು ಒಪ್ಪಿದ ಮೇಲೆ ಬಿಡುಗಡೆಯಾಗುತ್ತದೆ. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್‌ಗೂ ಇದೇ ಗಂಟು.

ಆದರೆ ತಂತಿ ಬಂದ ಮಾತ್ರಕ್ಕೆ ವಿದ್ಯೆ ಬಂದಂತಲ್ಲ. ಅಜ್ಜಿಯ ಫೋನಿನಲ್ಲಿ ನಾಲ್ಕು ಗೆರೆ ಸಿಗ್ನಲ್ ಇದ್ದರೂ ಪಿಂಚಣಿ ಬಂತೇ ಎಂದು ನೋಡಲು ಮೊಮ್ಮಗನೇ ಬರಬೇಕು. ಈ ಕೊರತೆ ತುಂಬಲು ಕೇಂದ್ರ ಸರ್ಕಾರ 2017ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರಂಭಿಸಿತು: ಮನೆಗೊಬ್ಬರಿಗೆ 20 ಗಂಟೆಗಳ ತರಬೇತಿ. ಆದರೆ ವಯೋಮಿತಿ 14ರಿಂದ 60 ಆಗಿತ್ತು. ಅಜ್ಜಿ ಅಲ್ಲೂ ಹೊರಗುಳಿದರು!

ಹಾಗಾದರೆ ಅಜ್ಜಿ ಕಲಿಯುವುದೆಲ್ಲಿ? ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. ನಿಮ್ಮೂರಿನದರಲ್ಲಿ ಕಂಪ್ಯೂಟರ್ ಇದೆಯೇ, ಕಲಿಸುವವರಿದ್ದಾರೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ದುಡ್ಡು ನಿಮ್ಮದೇ ತಾನೆ?