ಹೈಡ್ರೋಜನ್ ಮೊದಲು ಸೇರಬೇಕಾದ್ದು ಯೂರಿಯಾ ಚೀಲಕ್ಕೆ

ಕೋಡಿ ಕನ್ಯಾಣದಲ್ಲಿ ಬೇಕಾದಷ್ಟು ಕಡಲ ನೀರಿದೆಯಲ್ಲ, ಅದರಿಂದ ಹೈಡ್ರೋಜನ್ ತೆಗೆದು ಕುಂದಾಪುರ–ಉಡುಪಿ ಬಸ್ಸು ಓಡಿಸಬಾರದೇ ಎಂದು ಸಾಲಿಗ್ರಾಮದ ಓದುಗರೊಬ್ಬರು ಕೇಳಿದ್ದಾರೆ. ಓಡಿಸಬಹುದು. ಆದರೆ ನೀರು ಇಂಧನವಲ್ಲ. ಹೈಡ್ರೋಜನ್ ಉರಿದು ಉಳಿದ ಬೂದಿ. ಒಲೆಯ ಬೂದಿ ಮತ್ತೆ ಸೌದೆಯಾಗಬೇಕಾದರೆ, ಉರಿಯುವಾಗ ಬಂದ ಶಾಖವನ್ನೆಲ್ಲ ಅದಕ್ಕೆ ಮರಳಿ ಕೊಡಬೇಕು, ಮೇಲೊಂದಿಷ್ಟು ದಂಡವನ್ನೂ ತೆರಬೇಕು. 1800ರಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ವಿದ್ಯುತ್ ಹಾಯಿಸಿ ನೀರನ್ನು ಒಡೆದರು. ಅಂದಿನಿಂದ ಇಂದಿನವರೆಗೆ ಆ ದಂಡದಿಂದ ಯಾರೂ ತಪ್ಪಿಸಿಕೊಂಡಿಲ್ಲ. ಒಂದು ಕಿಲೋ ಹೈಡ್ರೋಜನ್ನಿನಲ್ಲಿರುವ ಶಕ್ತಿ ಸುಮಾರು 33 ಯೂನಿಟ್. ಅದನ್ನು ತೆಗೆಯಲು ಇಂದಿನ ಎಲೆಕ್ಟ್ರೊಲೈಸರ್‌ಗೆ 50ರಿಂದ 55 ಯೂನಿಟ್ ಕರೆಂಟು ಬೇಕು.

ಕಡಲಿನ ಉಪ್ಪು ದೊಡ್ಡ ತೊಡಕಲ್ಲ. ಸಾವಿರ ಲೀಟರ್ ಸಿಹಿಯಾಗಿಸಲು ಮೂರು-ನಾಲ್ಕು ಯೂನಿಟ್ ಸಾಕು. ತೊಡಕಿರುವುದು ಕರೆಂಟಿನದು. ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದ ಸಾಮರ್ಥ್ಯ 460 ಮೆಗಾವಾಟ್. ಮಳೆ ಬೇಸಿಗೆ ಎನ್ನದೆ ವರ್ಷವಿಡೀ ಅದು ಪೂರ್ತಿ ಓಡಿದರೂ ಸಿಗುವುದು 73 ಸಾವಿರ ಟನ್ ಹೈಡ್ರೋಜನ್. ಕೇಂದ್ರ ಸಂಪುಟ 2023ರ ಜನವರಿ 4ರಂದು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತಲ್ಲ, ಅದರ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅಂದರೆ ಬಿಡುವಿಲ್ಲದೆ ಓಡುವ 68 ವಾರಾಹಿಗಳು!

ಇಷ್ಟು ದುಡಿದು ಪಡೆದದ್ದನ್ನು ಬಸ್ಸಿಗೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಫ್ಯುಯೆಲ್ ಸೆಲ್ ಬಸ್ಸಿನಲ್ಲಿ ಆ 55 ಯೂನಿಟ್ಟಿನ ಪೈಕಿ 20 ಚಕ್ರ ಮುಟ್ಟುವುದೂ ಕಷ್ಟ. ಬ್ಯಾಟರಿಯಾದರೆ 40 ದಾಟುತ್ತದೆ. ಹೈಡ್ರೋಜನ್ನಿಗೆ ಬದಲಿಯೇ ಇಲ್ಲದ ಜಾಗ ಬೇರೆ ಇದೆ, ಅದೂ ನಮ್ಮ ಗದ್ದೆಯ ಅಂಚಿನಲ್ಲೇ.

ಸೊಸೈಟಿಯಿಂದ ತರುವ 45 ಕಿಲೋ ಯೂರಿಯಾ ಚೀಲಕ್ಕೆ 25.5 ಕಿಲೋ ಅಮೋನಿಯಾ ಬೇಕು, ಅದಕ್ಕೆ 4.5 ಕಿಲೋ ಹೈಡ್ರೋಜನ್. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಅದನ್ನು ಮೊದಲು ನಾಫ್ತಾದಿಂದ ತೆಗೆಯುತ್ತಿತ್ತು, ಈಗ ಕೊಚ್ಚಿ–ಮಂಗಳೂರು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ. ಹೀಗೆ ತೆಗೆದ ಒಂದೊಂದು ಕಿಲೋ ಹೈಡ್ರೋಜನ್ನಿನ ಜೊತೆಗೂ ಒಂಬತ್ತು-ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ನೀರಿನಿಂದ ಗೊಬ್ಬರ ಮಾಡುವುದು ನಮ್ಮ ದೇಶಕ್ಕೆ ಹೊಸದೂ ಅಲ್ಲ. 1960ರ ದಶಕದಲ್ಲೇ ಪಂಜಾಬಿನ ನಂಗಲ್ ಕಾರ್ಖಾನೆ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿತ್ತು. 'ಹಸಿರು' ಎಂಬ ಹೆಸರು ಆಗ ಇರಲಿಲ್ಲ, ಅಷ್ಟೆ.

ಆದರೆ ಯೂರಿಯಾಕ್ಕೆ ಇಂಗಾಲವೂ ಬೇಕು. ಚೀಲವೊಂದರೊಳಗೆ 33 ಕಿಲೋ ಇಂಗಾಲದ ಡೈಆಕ್ಸೈಡ್ ಸೇರಿರುತ್ತದೆ. ಇಂದು ಅದು ಅನಿಲದ ಜೊತೆಗೇ ಬರುತ್ತಿದೆ. ಬರೀ ನೀರು ಒಡೆದರೆ ಎಲ್ಲಿಂದ ತರುವುದು? ಹಸಿರು ಹೈಡ್ರೋಜನ್ನಿನ ಜಾಹೀರಾತುಗಳು ಈ ಪ್ರಶ್ನೆಯನ್ನು ದಾಟಿಬಿಡುತ್ತವೆ. ನನಗೆ ಭರವಸೆ ಹುಟ್ಟಿಸಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಮಾಡಿರುವ ಕೆಲಸ. ಒಣ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ, ಕಿಲೋಗೆ 100 ಗ್ರಾಂ ಹೈಡ್ರೋಜನ್ ತೆಗೆದಿದ್ದಾರೆ. ಜೀವರಾಶಿಯಲ್ಲಿ ಇರುವುದು ಸುಮಾರು 60 ಗ್ರಾಂ ಮಾತ್ರ, ಉಳಿದದ್ದು ಹಬೆಯಿಂದ ಬಂದದ್ದು. ಆ ಲೆಕ್ಕದಲ್ಲಿ ಒಂದು ಚೀಲ ಯೂರಿಯಾದ ಹೈಡ್ರೋಜನ್ನಿಗೆ 45 ಕಿಲೋ ಒಣ ಜೀವರಾಶಿ ಸಾಕು, ಮತ್ತು ಆ 33 ಕಿಲೋ ಇಂಗಾಲದ ಡೈಆಕ್ಸೈಡ್ ಕೂಡ ಅದೇ ಉಪಕರಣದಿಂದ ಸಿಗುತ್ತದೆ.